ಅರವತ್ತು ದಾಟಿದವರ ತಂಡ ಕಟ್ಟಿ ಮಾಸ್ಟರ್ಸ್ ಕೂಟಕ್ಕೆ ಹೋಗುವುದು ಹೇಗೆ: ತಾಲ್ಲೂಕಿನಿಂದ ಸ್ಟೇಡಿಯಂವರೆಗಿನ ಸಮಗ್ರ ಮಾರ್ಗದರ್ಶಿ

ಒಂದು ರಾಜ್ಯ ಮಟ್ಟದ ಮಾಸ್ಟರ್ಸ್ ಕೂಟದಲ್ಲಿ 75 ದಾಟಿದ ಗಂಡಸರ 100 ಮೀಟರ್ ಓಟ ನೋಡುತ್ತಾ ನಿಂತಿದ್ದೆ. ಟ್ರ್ಯಾಕಿನಲ್ಲಿ ಇದ್ದವರು ಮೂರೇ ಜನ. ಮೂವರೂ ಬೆಂಗಳೂರಿನವರು. ಓಡಿದರು, ಮುಗಿಸಿದರು, ಮೂವರಿಗೂ ಪದಕ ಸಿಕ್ಕಿತು. ತಪ್ಪೇನಿಲ್ಲ, ಬಂದವರಿಗೆ ತಾನೇ ಪದಕ. ಆದರೆ ನನಗೆ ನಮ್ಮೂರಿನ ಪಾರ್ಕು ನೆನಪಾಯಿತು. ಬೆಳಿಗ್ಗೆ ಐದೂವರೆಗೆ ಅಲ್ಲಿ ಸುತ್ತು ಹಾಕುವವರಲ್ಲಿ ಆ ಮೂವರಿಗೆ ಪೈಪೋಟಿ ಕೊಡಬಲ್ಲವರು ಕಡಿಮೆ ಅಂದರೂ ಐದಾರು ಮಂದಿ ಇದ್ದರು. ಇಂಥದ್ದೊಂದು ಕೂಟ ಇದೆ ಅಂತಲೇ ಅವರಿಗೆ ಗೊತ್ತಿರಲಿಲ್ಲ.

ನಮ್ಮದು ಹಾಸನ ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರ. ನಾನು ಕ್ರೀಡಾಪಟು ಅಲ್ಲ, ಪಿಇ ಮೇಷ್ಟ್ರೂ ಅಲ್ಲ. ಸಹಕಾರ ಸಂಘದಲ್ಲಿ ಗುಮಾಸ್ತಿಕೆ ಮಾಡಿದವನು. ಫಾರಂ ತುಂಬೋದು, ರಸೀದಿ ಜೋಪಾನ ಮಾಡೋದು ಬರುತ್ತೆ ಅನ್ನೋ ಒಂದೇ ಕಾರಣಕ್ಕೆ ನನ್ನನ್ನು ಮ್ಯಾನೇಜರ್ ಮಾಡಿದರು. ಹಿರಿಯರು ಟ್ರ್ಯಾಕಿನಲ್ಲಿ ಸೋಲುವುದು ಕಡಿಮೆ. ಜನ್ಮ ದಿನಾಂಕದಲ್ಲಿ, ಬಸ್ಸಿನಲ್ಲಿ, ಶೌಚಾಲಯದಲ್ಲಿ, ಮಗನ ಫೋನಿನಲ್ಲಿ ಸೋಲುವುದೇ ಜಾಸ್ತಿ. ಒಬ್ಬೊಬ್ಬರೇ ಹೊರಟರೆ ಇವೆಲ್ಲ ಬೆಟ್ಟದಷ್ಟು ಕಾಣುತ್ತವೆ. ಹನ್ನೆರಡು ಜನ ಒಟ್ಟಿಗೆ ಹೊರಟರೆ ಅದು ಒಂದು ವ್ಯಾನಿನ ಮಾತು ಅಷ್ಟೇ. ಅದಕ್ಕೇ ಇದನ್ನು ಊರಿನ ತಂಡ ಕಟ್ಟುವವರಿಗಾಗಿ ಬರೆದಿದ್ದೇನೆ.

ಹಂತ 1: ಯಾವ ಕೂಟ ಅಂತ ಮೊದಲು ತಿಳಿದುಕೊಳ್ಳಿ

ನಾನು ಪಾರ್ಕಿನಲ್ಲಿ ವಿಷಯ ಎತ್ತಿದಾಗ ಬಂದ ಮೊದಲ ಪ್ರಶ್ನೆ: "ಮಾಸ್ಟರ್ಸ್ ಅಂದ್ರೆ ಮೇಷ್ಟ್ರುಗಳದ್ದಾ?" ಅಲ್ಲ. ಕ್ರೀಡೆಯಲ್ಲಿ ಮಾಸ್ಟರ್ಸ್ ಅಂದರೆ ವಯಸ್ಸು ದಾಟಿದವರು. ಅಥ್ಲೆಟಿಕ್ಸ್‌ನಲ್ಲಿ 35ರಿಂದ ಶುರು. ಆಮೇಲೆ ಐದೈದು ವರ್ಷಕ್ಕೆ ಒಂದು ಗುಂಪು: 60ರಿಂದ 64, 65ರಿಂದ 69, ಹೀಗೆ ನೂರರ ಆಚೆಗೂ. ನಿಮ್ಮ ವಯಸ್ಸಿನವರ ಜೊತೆಗೇ ನಿಮ್ಮ ಸ್ಪರ್ಧೆ.

ನಮ್ಮಂಥವರಿಗೆ ಮೂರು ಬಾಗಿಲುಗಳಿವೆ. ಒಂದು, ಅಕ್ಟೋಬರ್ 1ರ ಹಿರಿಯ ನಾಗರಿಕರ ದಿನದ ಸುತ್ತಮುತ್ತ ಜಿಲ್ಲೆಗಳಲ್ಲಿ ನಡೆಯುವ ಆಟೋಟ. ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯ ಜಿಲ್ಲಾ ಕಚೇರಿಯಲ್ಲಿ ಸೆಪ್ಟೆಂಬರ್ ಮೊದಲ ವಾರದಲ್ಲೇ ವಿಚಾರಿಸಿ. 60 ದಾಟಿದವರಿಗೆ ನಡಿಗೆ, ಎಸೆತದಂಥ ಹಗುರ ಸ್ಪರ್ಧೆಗಳಿರುತ್ತವೆ. ಮೊದಲ ಸಲಕ್ಕೆ ಇದಕ್ಕಿಂತ ಒಳ್ಳೆ ಜಾಗ ಇಲ್ಲ. ಎರಡು, ಮಾಸ್ಟರ್ಸ್ ಸಂಘಟನೆಗಳು ನಡೆಸುವ ಜಿಲ್ಲಾ, ರಾಜ್ಯ, ರಾಷ್ಟ್ರ ಮಟ್ಟದ ಕೂಟ. ಕೆಲವು ಬರೀ ಅಥ್ಲೆಟಿಕ್ಸ್. ಕೆಲವದರಲ್ಲಿ ಷಟ್ಲ್, ಈಜು, ಟೇಬಲ್ ಟೆನಿಸ್, ಕಬಡ್ಡಿ ಎಲ್ಲ ಸೇರಿರುತ್ತೆ.

ಮೂರನೆಯದು ವಿದೇಶದ್ದು. ವಿಶ್ವ ವೆಟರನ್ಸ್ (ಮಾಸ್ಟರ್ಸ್‌ಗೆ ಆಗಿದ್ದ ಹೆಸರು) ಅಥ್ಲೆಟಿಕ್ಸ್ ಮೊದಲು ನಡೆದದ್ದು 1975ರಲ್ಲಿ, ಕೆನಡಾದ ಟೊರಾಂಟೊದಲ್ಲಿ. ಅದೇ ಊರಿನಲ್ಲಿ 1985ರಲ್ಲಿ ಹಲವು ಆಟಗಳ ವಿಶ್ವ ಮಾಸ್ಟರ್ಸ್ ಗೇಮ್ಸ್ ಕೂಡ ಶುರುವಾಯಿತು. 2017ರಲ್ಲಿ ಇದೇ ಗೇಮ್ಸ್ ನ್ಯೂಜಿಲೆಂಡಿನ ಆಕ್ಲೆಂಡಿನಲ್ಲಿ ನಡೆದಾಗ ಚಂಡೀಗಢದ ಮನ್ ಕೌರ್ 101ನೇ ವಯಸ್ಸಿನಲ್ಲಿ 100 ಮೀಟರನ್ನು 1 ನಿಮಿಷ 14 ಸೆಕೆಂಡಿನಲ್ಲಿ ಮುಗಿಸಿದರು. 2022ರಲ್ಲಿ ಫಿನ್ಲೆಂಡಿನ ಟಾಂಪೆರೆಯಲ್ಲಿ 94ರ ಭಗವಾನಿ ದೇವಿ ಡಾಗರ್ 100 ಮೀಟರನ್ನು 24.74 ಸೆಕೆಂಡಿನಲ್ಲಿ ಓಡಿ ಚಿನ್ನ ಗೆದ್ದರು. ಏಷ್ಯಾ ಕೂಟ 2000ದಲ್ಲಿ ನಮ್ಮ ಬೆಂಗಳೂರಿಗೇ ಬಂದಿತ್ತು. 2025ರ ನವೆಂಬರಿನಲ್ಲಿ ಚೆನ್ನೈನಲ್ಲಿ ನಡೆಯಿತು. ರಾತ್ರಿ ರೈಲು ಹತ್ತಿದರೆ ಬೆಳಿಗ್ಗೆ ಏಷ್ಯಾ ಕೂಟ! ನಮ್ಮೂರಿನವರಿಗೆ ಈ ಮಾತು ಹಿಡಿಸಿದಷ್ಟು ಫಿನ್ಲೆಂಡ್ ಕತೆ ಹಿಡಿಸಲಿಲ್ಲ.

ಇಲ್ಲಿ ಒಂದು ಎಚ್ಚರಿಕೆ. ನಮ್ಮ ದೇಶದಲ್ಲಿ ಮಾಸ್ಟರ್ಸ್ ಹೆಸರಿನ ಸಂಘಟನೆಗಳು ಒಂದಕ್ಕಿಂತ ಹೆಚ್ಚಿವೆ. ಹೆಸರುಗಳು ಅಣ್ಣತಮ್ಮಂದಿರ ಹಾಗೆ ಒಂದೇ ಥರ ಕೇಳಿಸುತ್ತವೆ. ಸುತ್ತೋಲೆ ವಾಟ್ಸಾಪಿನಲ್ಲಿ ಬಂದ ತಕ್ಷಣ ದುಡ್ಡು ಕಳಿಸಬೇಡಿ. ನಾಲ್ಕು ಪ್ರಶ್ನೆ ಕೇಳಿ. ಹಣ ಹೋಗುವುದು ಸಂಸ್ಥೆಯ ಖಾತೆಗೋ, ಯಾರದೋ ಸ್ವಂತ ನಂಬರಿಗೋ? ರಸೀದಿ ಕೊಡ್ತಾರಾ? ಇಲ್ಲಿ ಗೆದ್ದವರು ಮುಂದೆ ಯಾವ ಕೂಟಕ್ಕೆ ಹೋಗಬಹುದು? ಹೋದ ವರ್ಷ ಭಾಗವಹಿಸಿದ ಇಬ್ಬರ ಹತ್ತಿರ ಮಾತಾಡಬಹುದಾ? ನಾವು ಒಂದು ಸಲ ಇದ್ಯಾವುದನ್ನೂ ಕೇಳದೆ ಹೋಗಿದ್ದೆವು. ಹೊರಡುವ ಹಿಂದಿನ ರಾತ್ರಿ ಮೈದಾನ ಬದಲಾಯಿತು ಅಂತ ಮೆಸೇಜ್ ಬಂತು. ಪ್ರಮಾಣಪತ್ರ ಇವತ್ತಿಗೂ ಬಂದಿಲ್ಲ.

ಹಂತ 2: ಜನ ಸೇರಿಸಿ

ಬ್ಯಾನರ್ ಕಟ್ಟಿದರೆ ಯಾರೂ ಬರುವುದಿಲ್ಲ. ನಾವು ಕಟ್ಟಿ ನೋಡಿದ್ದೇವೆ. ಹಿರಿಯರು ಈಗಾಗಲೇ ಸೇರುವ ಜಾಗಗಳಿಗೆ ನಾವೇ ಹೋಗಬೇಕು. ಬೆಳಗಿನ ಪಾರ್ಕು. ತಿಂಗಳ ಮೊದಲ ವಾರ ಪಿಂಚಣಿಗೆ ಬರುವ ಬ್ಯಾಂಕು. ನಿವೃತ್ತ ನೌಕರರ ಸಂಘ. ಹಾಲಿನ ಡೈರಿ. ಹೆಂಗಸರಿಗೆ ಭಜನಾ ಮಂಡಳಿ, ಸ್ತ್ರೀಶಕ್ತಿ ಸಂಘ. ಸರ್ಕಾರಿ ನೌಕರರ ಕ್ರೀಡಾಕೂಟದಲ್ಲಿ ಹಿಂದೆ ಓಡಿದವರು ನಿಮ್ಮೂರಲ್ಲಿ ಇದ್ದೇ ಇರ್ತಾರೆ, ಅವರನ್ನು ಮೊದಲು ಹಿಡಿಯಿರಿ. ಅವರಿಗೆ ಚೆಸ್ಟ್ ನಂಬರ್ (ಎದೆಗೆ ಹಾಕುವ ಸಂಖ್ಯೆ), ಹೀಟ್ಸ್ (ಫೈನಲ್‌ಗೆ ಮೊದಲಿನ ಸುತ್ತು) ಅಂದರೆ ಏನು ಅಂತ ಹೇಳಿಕೊಡಬೇಕಾಗಿಲ್ಲ.

"ಕ್ರೀಡಾಕೂಟಕ್ಕೆ ಬನ್ನಿ" ಅಂದರೆ ಹೆಂಗಸರು ನಕ್ಕು ಸುಮ್ಮನಾಗ್ತಾರೆ. "ನಡಿಗೆ ಸ್ಪರ್ಧೆ ಇದೆ, ದಿನಾ ನಡೀತೀರಲ್ಲ, ಅಷ್ಟೇ" ಅಂದರೆ ಯೋಚನೆ ಮಾಡ್ತಾರೆ. ಒಬ್ಬರನ್ನೇ ಕರೆಯಬೇಡಿ, ಜೋಡಿಯಾಗಿ ಕರೆಯಿರಿ. ನಮ್ಮ ತಂಡದಲ್ಲಿ ಒಬ್ಬ ಅಕ್ಕ ಇದ್ದಾರೆ. ಮೂವತ್ತು ವರ್ಷ ತೋಟದ ಮನೆಯಿಂದ ಡೈರಿಗೆ ಹಾಲಿನ ಕ್ಯಾನ್ ಹೊತ್ತು ನಡೆದವರು. ಅವರು ಒಪ್ಪಿದ್ದು ಪಕ್ಕದ ಮನೆ ಟೀಚರಮ್ಮನೂ ಬರ್ತಾರೆ ಅಂತ ಖಾತ್ರಿಯಾದ ಮೇಲೆ.

ಆಮೇಲೆ ಮನೆಯವರು. ಇದನ್ನು ಹಗುರ ಮಾಡಬೇಡಿ. ಟೀಚರಮ್ಮನ ಮಗ ಬೆಂಗಳೂರಿನಿಂದ ನನಗೇ ಫೋನ್ ಮಾಡಿದ. "ಅಂಕಲ್, ಅಮ್ಮನಿಗೆ ಮಂಡಿನೋವು. ಬಿದ್ದರೆ ಯಾರು ಜವಾಬ್ದಾರಿ?" ನ್ಯಾಯವಾದ ಪ್ರಶ್ನೆ. ನಾನು ವಾದ ಮಾಡಲಿಲ್ಲ. "ಡಾಕ್ಟರ್ ಹತ್ರ ನೀನೇ ಕರ್ಕೊಂಡು ಹೋಗಪ್ಪ. ಅವರು ಬೇಡ ಅಂದ್ರೆ ಬೇಡ" ಅಂದೆ. ಕರೆದುಕೊಂಡು ಹೋದ. ಡಾಕ್ಟರು ಓಟ ಬೇಡ, ಎಸೆತ ಆಗಬಹುದು ಅಂದರು. ಕೂಟದ ದಿನ ಅವನೇ ರಜೆ ಹಾಕಿ ಬಂದು ವಿಡಿಯೊ ಮಾಡುತ್ತಿದ್ದ.

ತಂಡ ಎಷ್ಟು ದೊಡ್ಡದಿರಬೇಕು? ಮೊದಲ ವರ್ಷಕ್ಕೆ 10ರಿಂದ 12 ಜನ ಸಾಕು. ಒಂದು ಟೆಂಪೊ ಟ್ರಾವೆಲರಿಗೆ ಸರಿ. ಅದರಲ್ಲಿ ಸ್ಪರ್ಧೆ ಇಲ್ಲದ, ಓಡಾಡಬಲ್ಲ ಒಬ್ಬರು ಇರಲೇಬೇಕು. ಹೆಂಗಸರಿದ್ದರೆ ಅವರ ಜೊತೆಗೊಬ್ಬ ಹೆಣ್ಣುಮಗಳು. ನೀರು, ಮಾತ್ರೆ, ಚೀಲ, ಚಪ್ಪಲಿ, ಕರೆ ಬಂದಾಗ ಓಡುವುದು, ಎಲ್ಲ ಅವರ ಕೆಲಸ.

ಹಂತ 3: ಡಾಕ್ಟರನ್ನು ಕಾಣಿ

ಕೂಟಕ್ಕೆ ಕನಿಷ್ಠ ನಾಲ್ಕು ತಿಂಗಳ ಮೊದಲು. ಬಿಪಿ, ಶುಗರ್, ಇಸಿಜಿ ಆಗಲಿ. ಎದೆಯ ತೊಂದರೆ ಇದ್ದವರು, ಸ್ಟೆಂಟ್ ಹಾಕಿಸಿಕೊಂಡವರು, ಬಹಳ ವರ್ಷದಿಂದ ಕೂತೇ ಇದ್ದವರು ಟ್ರೆಡ್‌ಮಿಲ್ ಪರೀಕ್ಷೆ ಬೇಕಾ ಅಂತ ಕೇಳಿ. "ವಾಕಿಂಗ್ ಮಾಡ್ತೀನಿ ಡಾಕ್ಟ್ರೇ" ಅಂತ ಅರ್ಧ ಹೇಳಬೇಡಿ. "100 ಮೀಟರ್ ಜೋರಾಗಿ ಓಡ್ತೀನಿ", "4 ಕೆ.ಜಿ. ಗುಂಡು ಎಸೀತೀನಿ" ಅಂತ ಇದ್ದದ್ದು ಇದ್ದ ಹಾಗೆ ಹೇಳಿ. ಹಳೇ ಸಕ್ಕರೆ ಕಾಯಿಲೆ ಇದ್ದರೆ ಕಣ್ಣಿನ ಪರದೆಯನ್ನೂ ನೋಡಿಸಿ. ಉಸಿರು ಬಿಗಿಹಿಡಿದು ಭಾರ ಎತ್ತುವುದು ಕೆಲವರ ಕಣ್ಣಿಗೆ ಒಳ್ಳೆಯದಲ್ಲ.

ಮಾತ್ರೆಗಳ ಬಗ್ಗೆ ಎರಡು ಮಾತು, ಯಾಕಂದ್ರೆ ಇದನ್ನು ಯಾರೂ ಹೇಳುವುದಿಲ್ಲ. ಮೆಟೊಪ್ರೊಲಾಲ್, ಅಟೆನೊಲಾಲ್ ಥರದ ಬಿಪಿ ಮಾತ್ರೆ ತೆಗೆದುಕೊಳ್ಳುವವರ ನಾಡಿ ಬಡಿತ ಎಷ್ಟು ಕಷ್ಟಪಟ್ಟರೂ ಪೂರ್ತಿ ಏರುವುದಿಲ್ಲ. ಹಾಗಾಗಿ ಸ್ಮಾರ್ಟ್ ವಾಚಿನ ಲೆಕ್ಕ ಅವರಿಗೆ ಹೊಂದುವುದಿಲ್ಲ. ನಡೆಯುತ್ತಾ ಮಾತಾಡಲು ಆಗಬೇಕು, ಹಾಡಲು ಆಗಬಾರದು: ಅಭ್ಯಾಸಕ್ಕೆ ಇದೇ ಅಳತೆ.

ಇನ್ನೊಂದು ಉದ್ದೀಪನ ಮದ್ದಿನ ನಿಯಮ. ನಗಬೇಡಿ, ಇದು 80ರವರಿಗೂ ಅನ್ವಯ. ಬಿಪಿಗೆ ಕೊಡುವ ಹೈಡ್ರೋಕ್ಲೋರೋಥಯಾಜೈಡ್, ಕಾಲು ಬಾವಿಗೆ ಕೊಡುವ ಫ್ಯೂರೊಸೆಮೈಡ್, ಸಕ್ಕರೆ ಕಾಯಿಲೆಯ ಇನ್ಸುಲಿನ್ ಮೂರೂ ವಿಶ್ವ ನಿಷೇಧಿತ ಪಟ್ಟಿಯಲ್ಲಿವೆ. ನಿಜವಾದ ಕಾಯಿಲೆಗೆ ತೆಗೆದುಕೊಳ್ಳುವವರಿಗೆ ಚಿಕಿತ್ಸೆಯ ವಿನಾಯಿತಿ ಅಂತ ಅನುಮತಿ ಪಡೆಯುವ ದಾರಿ ಇದೆ. ಅಕ್ಟೋಬರ್ 1ರ ಜಿಲ್ಲಾ ಆಟಕ್ಕೆ ಇದರ ಚಿಂತೆ ಬೇಡ. ಏಷ್ಯಾ, ವಿಶ್ವ ಕೂಟಕ್ಕೆ ಹೊರಡುವವರು ಮಾತ್ರ ತಿಂಗಳುಗಳ ಮೊದಲೇ ವಿಚಾರಿಸಬೇಕು. ಆಟಕ್ಕೋಸ್ಕರ ಯಾವ ಮಾತ್ರೆಯನ್ನೂ ನೀವಾಗಿಯೇ ನಿಲ್ಲಿಸಬೇಡಿ.

ಹಂತ 4: ಯಾರಿಗೆ ಯಾವ ಸ್ಪರ್ಧೆ

ಎಲ್ಲರೂ ಮೊದಲು ಕೇಳುವುದು 100 ಮೀಟರ್. ನನ್ನ ಅಭಿಪ್ರಾಯದಲ್ಲಿ ಮೊದಲ ವರ್ಷ ಅದನ್ನು ಕೊಡಲೇಬಾರದು. ಮೂವತ್ತು ವರ್ಷ ಜೋರಾಗಿ ಓಡದ ಕಾಲು ಪಿಸ್ತೂಲ್ ಶಬ್ದಕ್ಕೆ ಹಾರಿದರೆ ತೊಡೆಯ ಹಿಂಭಾಗ ಹಿಡಿದುಕೊಳ್ಳುತ್ತೆ. 40 ಮೀಟರಿನಲ್ಲಿ ಕೈ ಹಿಂದಕ್ಕೆ ಹೋಗಿ ತೊಡೆ ಹಿಡಿದು ನಿಂತವರನ್ನು ಪ್ರತಿ ಕೂಟದಲ್ಲೂ ನೋಡಿದ್ದೇನೆ. ಮೊದಲ ವರ್ಷ ನಡಿಗೆ, ಎಸೆತ. ಎರಡನೇ ವರ್ಷ ಓಟ.

ತೋಟ, ಗದ್ದೆ ಕೆಲಸ ಮಾಡಿದವರಿಗೆ ಎಸೆತ ಚೆನ್ನಾಗಿ ಒಗ್ಗುತ್ತೆ. ಆದರೆ ತೂಕ ವಯಸ್ಸಿನ ಮೇಲೆ ಬದಲಾಗುತ್ತೆ ಅನ್ನುವುದನ್ನು ಬಾಯಿಪಾಠ ಮಾಡಿಕೊಳ್ಳಿ. ಅಂತರರಾಷ್ಟ್ರೀಯ ನಿಯಮದ ಪ್ರಕಾರ ಗಂಡಸರ ಗುಂಡು 60ರಿಂದ 69ರವರಿಗೆ 5 ಕೆ.ಜಿ., 70ರಿಂದ 79ರವರಿಗೆ 4 ಕೆ.ಜಿ., 80 ಮೇಲ್ಪಟ್ಟವರಿಗೆ 3 ಕೆ.ಜಿ. ಹೆಂಗಸರಿಗೆ 50ರಿಂದ 74ರವರೆಗೆ 3 ಕೆ.ಜಿ., 75ರಿಂದ 2 ಕೆ.ಜಿ. ತಟ್ಟೆ ಎಸೆತದಲ್ಲಿ 60 ದಾಟಿದ ಗಂಡಸರಿಗೆ 1 ಕೆ.ಜಿ., ಹೆಂಗಸರಿಗೆ 74ರವರೆಗೆ 1 ಕೆ.ಜಿ., ಆಮೇಲೆ ಮುಕ್ಕಾಲು ಕೆ.ಜಿ. ಜಾವೆಲಿನ್ ಗಂಡಸರಿಗೆ 60ರಲ್ಲಿ 600 ಗ್ರಾಂ, 70ರಲ್ಲಿ 500, 80ರಲ್ಲಿ 400. ಹೆಂಗಸರಿಗೆ 74ರವರೆಗೆ 500 ಗ್ರಾಂ, ಆಮೇಲೆ 400.

ನಮ್ಮ ತಂಡದ ಕಂಡಕ್ಟರಣ್ಣನಿಗೆ 71 ವರ್ಷ. ನಾವು ಹೈಸ್ಕೂಲಿನಿಂದ ತಂದ 5 ಕೆ.ಜಿ. ಗುಂಡಿನಲ್ಲೇ ಅವರಿಗೆ ಅಭ್ಯಾಸ ಮಾಡಿಸಿದ್ದೆವು. ತೂಕದ ವಿಷಯ ಯಾರಿಗೂ ಹೊಳೆದಿರಲಿಲ್ಲ. ಮೈದಾನದಲ್ಲಿ 4 ಕೆ.ಜಿ. ಕೈಗೆ ಕೊಟ್ಟರು. ಕೈಯಲ್ಲಿ ತೂಗಿ ನೋಡಿದರು, "ಇದೇನು ತೆಂಗಿನಕಾಯಾ?" ಅಂದರು. ಎಸೆದರು. ಅಭ್ಯಾಸದಲ್ಲಿ ಯಾವತ್ತೂ ಹೋಗದಷ್ಟು ದೂರ ಹೋಯಿತು. ಖುಷಿ ತಡೆಯಲಾರದೆ ವೃತ್ತದ ಮುಂದಿನಿಂದಲೇ ಇಳಿದು ನಮ್ಮ ಕಡೆ ಕೈ ಬೀಸುತ್ತಾ ಬಂದರು. ಕೆಂಪು ಬಾವುಟ! ಎಸೆದ ಮೇಲೆ ವೃತ್ತದ ಹಿಂದಿನ ಅರ್ಧದಿಂದ ಹೊರಗೆ ಬರಬೇಕು ಅನ್ನುವುದು ನಿಯಮ. ಆ ಎಸೆತ ಲೆಕ್ಕಕ್ಕೆ ಸಿಗಲಿಲ್ಲ. "ಜೀವಮಾನವೆಲ್ಲಾ ಜನರನ್ನ ಮುಂದಿನ ಬಾಗಿಲಿಂದ ಇಳಿಸ್ದೆ. ಇಲ್ಲಿ ನೋಡಿದ್ರೆ ಹಿಂದಿನಿಂದ ಇಳೀಬೇಕಂತೆ" ಅಂತ ಬೈದುಕೊಂಡೇ ಎರಡನೇ ಎಸೆತಕ್ಕೆ ಹೋದರು. ಅದು ಒಂದು ಗೇಣು ಕಡಿಮೆ ಬಿತ್ತು. ಕಂಚು ಬಂತು.

ನಡಿಗೆ ಸ್ಪರ್ಧೆಯಲ್ಲೂ ಎರಡು ನಿಯಮ ಇವೆ. ಕಣ್ಣಿಗೆ ಕಾಣುವ ಹಾಗೆ ಎರಡೂ ಕಾಲು ಒಟ್ಟಿಗೆ ನೆಲ ಬಿಡಬಾರದು. ಮುಂದಿಟ್ಟ ಕಾಲು ನೆಲ ಮುಟ್ಟಿದಾಗಿನಿಂದ ಮೈ ಕೆಳಗೆ ನೆಟ್ಟಗೆ ಬರುವವರೆಗೆ ಮಂಡಿ ಮಡಿಸಬಾರದು. ಎರಡನೆಯದೇ ಹಿರಿಯರಿಗೆ ಕಷ್ಟ. ಮಂಡಿ ಪೂರ್ತಿ ನೆಟ್ಟಗಾಗದವರು ನಡಿಗೆ ಬಿಟ್ಟು ಎಸೆತಕ್ಕೆ ಹೋಗುವುದೇ ಒಳ್ಳೆಯದು. ಒಂದು ಬದಿಯಿಂದ ಫೋನಿನಲ್ಲಿ ನಿಧಾನ ಚಲನೆಯ ವಿಡಿಯೊ ಮಾಡಿ ತೋರಿಸಿ, ಮಾತಿನಲ್ಲಿ ಹೇಳಿದ್ದಕ್ಕಿಂತ ಬೇಗ ತಿದ್ದಿಕೊಳ್ಳುತ್ತಾರೆ.

ನಾಲ್ಕು ಜನ ಓಟಗಾರರು ಸಿಕ್ಕರೆ ರಿಲೇ ತಂಡ ಮಾಡಬಹುದು. ಆದರೆ ತಂಡದಲ್ಲಿ ಎಲ್ಲರಿಗಿಂತ ಚಿಕ್ಕವರ ವಯಸ್ಸೇ ಇಡೀ ತಂಡದ ವಯಸ್ಸು. ಮೂವರು 70 ದಾಟಿದವರ ಜೊತೆ ಒಬ್ಬ 61ರವರನ್ನು ಸೇರಿಸಿದರೆ ಎಲ್ಲರೂ 60ರ ಗುಂಪಿನಲ್ಲಿ ಓಡಬೇಕು.

ಹಂತ 5: ಹದಿನಾರು ವಾರದ ತಯಾರಿ

ವಯಸ್ಸಾದವರು ಕಲಿಯುವುದು ನಿಧಾನ ಅಂತಾರೆ. ನನಗೆ ಕಂಡದ್ದು ಬೇರೆ. ಕಲಿಯುವುದು ಬೇಗ, ಸುಧಾರಿಸಿಕೊಳ್ಳುವುದು ನಿಧಾನ. ಇವತ್ತು ಜೋರು ಅಭ್ಯಾಸ ಮಾಡಿದರೆ ನಾಳೆ ಬರೀ ನಡಿಗೆ, ಇದಕ್ಕೆ ತಪ್ಪಬೇಡಿ.

ಮೊದಲ ನಾಲ್ಕು ವಾರ ಸ್ಪರ್ಧೆಯ ಮಾತೇ ಬೇಡ. ವಾರಕ್ಕೆ ಐದು ದಿನ ಮೂವತ್ತು ನಿಮಿಷ ಚುರುಕು ನಡಿಗೆ. ವಿಶ್ವ ಆರೋಗ್ಯ ಸಂಸ್ಥೆ ಹಿರಿಯರಿಗೆ ಹೇಳುವ ವಾರದ 150 ನಿಮಿಷ ಅಲ್ಲಿಗೆ ಆಯಿತು. ವಾರಕ್ಕೆ ಎರಡು ದಿನ ಶಕ್ತಿಯ ವ್ಯಾಯಾಮ: ಕೈ ಊರದೆ ಕುರ್ಚಿಯಿಂದ ಎದ್ದು ಕೂರುವುದು ಹತ್ತು ಸಲ, ಗೋಡೆಗೆ ಕೈ ಕೊಟ್ಟು ದಂಡ ಹೊಡೆಯುವುದು, ಮೆಟ್ಟಿಲ ಮೇಲೆ ಹಿಮ್ಮಡಿ ಎತ್ತಿ ಇಳಿಸುವುದು. ಮೂರು ದಿನ ಸಮತೋಲ: ಅಡುಗೆಮನೆ ಕಟ್ಟೆ ಹಿಡಿದು ಒಂದು ಕಾಲಲ್ಲಿ ನಿಲ್ಲುವುದು, ಆಮೇಲೆ ಒಂದು ಬೆರಳು ಮಾತ್ರ ತಾಗಿಸಿ, ಆಮೇಲೆ ಬಿಟ್ಟು. ಇದರ ಜೊತೆ ನೆಲದ ಮೇಲೆ ಕೂತು ತಾವೇ ಏಳುವುದನ್ನೂ ಅಭ್ಯಾಸ ಮಾಡಿಸಿ. ಎಲ್ಲಾದರೂ ಬಿದ್ದರೆ ಏಳುವ ಧೈರ್ಯ ಅಲ್ಲಿಂದಲೇ ಬರಬೇಕು.

ಐದನೇ ವಾರದಿಂದ ಹನ್ನೆರಡರವರೆಗೆ ಆಯ್ದುಕೊಂಡ ಸ್ಪರ್ಧೆ. ನಡಿಗೆಯವರು ಎರಡು ನಿಮಿಷ ಜೋರು, ಎರಡು ನಿಮಿಷ ನಿಧಾನ, ಆರು ಸಲ. ಎಸೆತದವರು ಮೊದಲು ಹಗುರ ಗುಂಡಿನಲ್ಲಿ ನಿಂತಲ್ಲೇ ಎಸೆಯಲಿ. ಜಾರುವ, ತಿರುಗುವ ಶೈಲಿ ಟಿವಿಯಲ್ಲಿ ಚೆಂದ, 68ರಲ್ಲಿ ಬೇಡ. ಒಂದು ದಿನಕ್ಕೆ ಹದಿನೈದು ಎಸೆತ ಸಾಕು, ಭುಜ ನೋಯುತ್ತಿದ್ದರೆ ಸೊನ್ನೆ. ಓಟದವರಿಗೆ 50 ಮೀಟರ್, ಮುಕ್ಕಾಲು ವೇಗ, ನಾಲ್ಕೈದು ಸಲ, ನಡುವೆ ಪೂರ್ತಿ ಉಸಿರು ಇಳಿಯುವವರೆಗೆ ವಿರಾಮ. ಅಭ್ಯಾಸಕ್ಕೆ ಮೊದಲು ಇಪ್ಪತ್ತು ನಿಮಿಷ ಮೈ ಬಿಸಿ ಮಾಡಿಕೊಳ್ಳುವುದು ಎಲ್ಲರಿಗೂ ಕಡ್ಡಾಯ. ಡಿಸೆಂಬರಿನ ನಮ್ಮ ಕಡೆಯ ಮಂಜಿನಲ್ಲಿ ಮೂವತ್ತು.

ಹದಿಮೂರನೇ ವಾರ ಊರಲ್ಲೇ ಒಂದು ಟ್ರಯಲ್ ಇಡಿ. ಶಾಲೆಯ ಮೈದಾನ, ಒಂದು ಚೀಲ ಸುಣ್ಣದ ಪುಡಿ, ಒಂದು ಅಳತೆ ಟೇಪು, ಪಿಇ ಮೇಷ್ಟ್ರ ವಿಷಲ್. ಸರದಿಗೆ ಕರೆಯುವುದು, ಹೆಸರು ಕೂಗುವುದು, ಚೆಸ್ಟ್ ನಂಬರ್ ಪಿನ್ನು ಮಾಡುವುದು, ಎಲ್ಲ ನಿಜವಾದ ಕೂಟದ ಹಾಗೇ ಮಾಡಿ. ಎಷ್ಟೋ ಜನರಿಗೆ ಓಟಕ್ಕಿಂತ ಮೈಕಿನಲ್ಲಿ ಹೆಸರು ಕೇಳಿದಾಗಲೇ ಎದೆ ಹೊಡೆದುಕೊಳ್ಳುತ್ತೆ. ಕೊನೆಯ ಎರಡು ವಾರ ಅಭ್ಯಾಸ ಅರ್ಧಕ್ಕೆ ಇಳಿಸಿ.

ಎದೆ ಬಿಗಿತ, ದವಡೆ ಅಥವಾ ಎಡಗೈಗೆ ಹರಿಯುವ ನೋವು, ತಲೆ ಸುತ್ತು, ಎಂದೂ ಇಲ್ಲದ ಏದುಸಿರು, ಇದರಲ್ಲಿ ಯಾವುದು ಬಂದರೂ ಅಭ್ಯಾಸ ನಿಲ್ಲಿಸಿ 108ಕ್ಕೆ ಫೋನ್ ಮಾಡಿ. "ಗ್ಯಾಸ್ ಇರಬೇಕು" ಅಂತ ಸೋಡಾ ತರಿಸಬೇಡಿ.

ಬೂಟಿನ ಬಗ್ಗೆ: ಹೊಸದನ್ನು ಕೂಟದ ವಾರ ಕೊಳ್ಳಬೇಡಿ. ಎಂಟು ವಾರ ಮೊದಲೇ ಕೊಂಡು ಪಳಗಿಸಿ. ಸಾಯಂಕಾಲ ಅಂಗಡಿಗೆ ಹೋಗಿ, ಹೊತ್ತು ಇಳಿದಾಗ ಪಾದ ಸ್ವಲ್ಪ ಊದಿರುತ್ತೆ, ಅಳತೆ ಸರಿ ಸಿಗುತ್ತೆ. ಹಾಲಿನ ಅಕ್ಕ ಬರಿಗಾಲಲ್ಲೇ ನಡೆದು ಅಭ್ಯಾಸ. ಬೆಳಿಗ್ಗೆ ಹತ್ತರ ಮೇಲೆ ಸಿಂಥೆಟಿಕ್ ಟ್ರ್ಯಾಕ್ ಕಾದ ಕಾವಲಿ ಆಗುತ್ತೆ ಅಂತ ಹೇಳಿ ಒಪ್ಪಿಸುವುದಕ್ಕೆ ಮೂರು ವಾರ ಬೇಕಾಯಿತು. ಸೀರೆಗೂ ಅದೇ ಚರ್ಚೆ ಆಯಿತು. ಕೊನೆಗೆ ಚೂಡಿದಾರದ ಮೇಲೆ ಟೀ ಶರ್ಟ್‌ಗೆ ರಾಜಿ.

ಹಂತ 6: ಕಾಗದ ಪತ್ರ

ಇದು ನನ್ನ ವಿಷಯ, ಸ್ವಲ್ಪ ಸಹಿಸಿಕೊಳ್ಳಿ.

ನಮ್ಮ ಹನ್ನೆರಡು ಜನರಲ್ಲಿ ಏಳು ಮಂದಿಯ ಹುಟ್ಟಿದ ದಿನ ಜೂನ್ 1. ನಿಮ್ಮೂರಲ್ಲೂ ಹಾಗೇ ಇರುತ್ತೆ. ಶಾಲೆಗೆ ಸೇರಿಸುವಾಗ ಹುಟ್ಟಿದ ದಿನ ಗೊತ್ತಿಲ್ಲದ ಮಕ್ಕಳಿಗೆ ಹೆಡ್ ಮೇಷ್ಟ್ರು ಬರೆದುಕೊಂಡ ದಿನ ಅದು. ಇದರಿಂದ ತೊಂದರೆ ಇಲ್ಲ, ಎಲ್ಲ ದಾಖಲೆಯಲ್ಲೂ ಅದೇ ಇದ್ದರೆ. ತೊಂದರೆ ಬರುವುದು ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಒಂದು, ಆಧಾರಿನಲ್ಲಿ ಇನ್ನೊಂದು ಇದ್ದಾಗ. ಕೆಲವು ಹಳೇ ಆಧಾರ್ ಕಾರ್ಡಿನಲ್ಲಿ ಬರೀ ಇಸವಿ ಇರುತ್ತೆ, ತಾರೀಖೇ ಇಲ್ಲ. ಆಧಾರಿನಲ್ಲಿ ಜನ್ಮ ದಿನಾಂಕ ತಿದ್ದಲು ಸಾಮಾನ್ಯವಾಗಿ ಒಂದೇ ಅವಕಾಶ. ಯೋಚಿಸಿ, ಶಾಲೆಯ ದಾಖಲೆಗೆ ಹೊಂದುವ ಹಾಗೆ ತಿದ್ದಿಸಿ. ಹೆಸರಿನ ಮುಂದಿನ ಇನಿಷಿಯಲ್ ಕೂಡ ನೋಡಿಕೊಳ್ಳಿ.

ವಯಸ್ಸು ಯಾವ ದಿನಕ್ಕೆ ಲೆಕ್ಕ? ವಿಶ್ವ ಮಾಸ್ಟರ್ಸ್ ಅಥ್ಲೆಟಿಕ್ಸ್‌ನಲ್ಲಿ ಕೂಟದ ಮೊದಲ ದಿನದ ವಯಸ್ಸು ಲೆಕ್ಕ. 1955ರ ಜೂನ್ 1ಕ್ಕೆ ಹುಟ್ಟಿದವರು 2025ರ ಮೇ 30ಕ್ಕೆ ಶುರುವಾಗುವ ಕೂಟದಲ್ಲಿ 65ರ ಗುಂಪು, ಜೂನ್ 2ಕ್ಕೆ ಶುರುವಾದರೆ 70ರ ಗುಂಪು. ಗುಂಡಿನ ತೂಕವೇ ಒಂದು ಕೆ.ಜಿ. ಕಡಿಮೆ ಆಗುತ್ತೆ! ಬೇರೆ ಕೂಟಗಳಿಗೆ ಸುತ್ತೋಲೆಯಲ್ಲಿ ಆ ತಾರೀಖು ಏನಿದೆ ನೋಡಿ.

ಒಬ್ಬೊಬ್ಬರಿಗೂ ಒಂದು ಪ್ಲಾಸ್ಟಿಕ್ ಫೈಲ್ ಮಾಡಿ. ಆಧಾರ್ ಮತ್ತು ವಯಸ್ಸಿನ ದಾಖಲೆಯ ಮೂರು ಮೂರು ಜೆರಾಕ್ಸ್, ಆರು ಫೋಟೊ, ಡಾಕ್ಟರ ಫಿಟ್‌ನೆಸ್ ಪತ್ರ, ಶುಲ್ಕದ ರಸೀದಿ. ಮೇಲೆ ಅಂಟಿಸಿದ ಚೀಟಿಯಲ್ಲಿ ರಕ್ತದ ಗುಂಪು, ಕಾಯಿಲೆ, ಮಾತ್ರೆಗಳ ಹೆಸರು, ಮನೆಯವರ ಫೋನ್ ನಂಬರ್. ಅದೇ ಚೀಟಿಯ ಫೋಟೊ ಮ್ಯಾನೇಜರ್ ಫೋನಿನಲ್ಲೂ ಇರಲಿ.

ಹಂತ 7: ದುಡ್ಡು, ಪ್ರಯಾಣ, ವಸತಿ

ಪ್ರವೇಶ ಶುಲ್ಕವನ್ನು ಅವರವರೇ ಕಟ್ಟಲಿ. ಸ್ವಂತ ದುಡ್ಡು ಕಟ್ಟಿದವರು ಅಭ್ಯಾಸ ತಪ್ಪಿಸುವುದಿಲ್ಲ. ಟೀ ಶರ್ಟ್ ಮತ್ತು ವ್ಯಾನಿಗೆ ಊರಲ್ಲಿ ಕೇಳಿ: ಸಹಕಾರ ಸಂಘ, ಮಂಡಿ ವರ್ತಕರು, ಮೆಡಿಕಲ್ ಸ್ಟೋರ್. ಟೀ ಶರ್ಟಿನ ಬೆನ್ನ ಮೇಲೆ ಊರಿನ ಹೆಸರು ದೊಡ್ಡದಾಗಿ, ಕೊಟ್ಟವರ ಹೆಸರು ಸಣ್ಣದಾಗಿ. ಉಲ್ಟಾ ಮಾಡಿಸಬೇಕು ಅಂತ ಹಠ ಹಿಡಿಯುವವರು ಸಿಗ್ತಾರೆ, ಅವರ ದುಡ್ಡು ಬೇಡ.

ವ್ಯಾನ್ ಆಗದಿದ್ದರೆ ಬಸ್ಸು. 2023ರ ಜೂನಿನಿಂದ ಶಕ್ತಿ ಯೋಜನೆಯಲ್ಲಿ ರಾಜ್ಯದೊಳಗೆ ಸರ್ಕಾರಿ ಸಾಮಾನ್ಯ, ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಹೆಂಗಸರಿಗೆ ಪ್ರಯಾಣ ಉಚಿತ. 60 ದಾಟಿದ ಗಂಡಸರಿಗೆ ಕೆಎಸ್ಆರ್‌ಟಿಸಿ ಟಿಕೆಟಿನಲ್ಲಿ ನೂರಕ್ಕೆ 25 ರಿಯಾಯಿತಿ ಇದೆ, ವಯಸ್ಸಿನ ಗುರುತು ಚೀಟಿ ಕೈಯಲ್ಲಿರಲಿ. ರೈಲಿನಲ್ಲಿ ಹಿರಿಯರ ರಿಯಾಯಿತಿ 2020ರ ಮಾರ್ಚಿನಲ್ಲಿ ನಿಂತುಹೋಯಿತು. ಆದರೆ ಕೆಳಗಿನ ಬರ್ತ್‌ಗೆ ಕೋಟಾ ಇದೆ: ಗಂಡಸರಿಗೆ 60, ಹೆಂಗಸರಿಗೆ 45 ವರ್ಷದಿಂದ. ಒಬ್ಬರೋ ಇಬ್ಬರೋ ಸೇರಿ ಬುಕ್ ಮಾಡಿದಾಗ ಮಾತ್ರ ಅದು ಸಿಗುತ್ತೆ. ಹನ್ನೆರಡು ಜನರನ್ನು ಇಬ್ಬಿಬ್ಬರಂತೆ ಆರು ಟಿಕೆಟ್ ಮಾಡಿಸಿ.

ವಸತಿಯಲ್ಲಿ ಕೇಳಬೇಕಾದದ್ದು ಎರಡೇ. ನೆಲಮಹಡಿನಾ? ಕಮೋಡ್ ಇದೆಯಾ? ಕಲ್ಯಾಣ ಮಂಟಪದಲ್ಲಿ ಜಮಖಾನದ ಮೇಲೆ ಮಲಗಿಸಿ, ಎರಡನೇ ಮಹಡಿಗೆ ಹತ್ತಿಸಿ, ರಾತ್ರಿ ಮೂರು ಸಲ ಇಳಿಸಿ ಹತ್ತಿಸಿದರೆ ಬೆಳಿಗ್ಗೆ ಯಾರು ಓಡ್ತಾರೆ? ಬೇಕಿದ್ದರೆ ಊಟದ ಖರ್ಚು ಕಡಿಮೆ ಮಾಡಿ, ಹಾಸಿಗೆಗೆ ಕೊಡಿ.

ಹಂತ 8: ಕೂಟದ ದಿನ

ಹೊಸದೇನೂ ತಿನ್ನಬೇಡಿ. ದಿನಾ ಇಡ್ಲಿ ತಿನ್ನುವವರು ಇಡ್ಲಿ, ರಾಗಿ ಅಂಬಲಿಯವರು ಅಂಬಲಿ, ಸ್ಪರ್ಧೆಗೆ ಎರಡು ಗಂಟೆ ಮೊದಲು. ಸಕ್ಕರೆ ಕಾಯಿಲೆಯವರು ಗ್ಲುಕೋಮೀಟರ್ ತರಲಿ, ಜೇಬಿನಲ್ಲಿ ಬೆಲ್ಲ ಇರಲಿ. ವೇಳಾಪಟ್ಟಿಯಲ್ಲಿ 9 ಗಂಟೆ ಅಂತ ಇದ್ದದ್ದು 12ಕ್ಕೂ ಹೋಗಬಹುದು. ಮಡಚುವ ಎರಡು ಕುರ್ಚಿ, ಕೊಡೆ, ಬಾಳೆಹಣ್ಣು, ಮಜ್ಜಿಗೆ ಜೊತೆಗಿರಲಿ. ಸೇಫ್ಟಿ ಪಿನ್ ಒಂದು ಡಬ್ಬಿ ಒಯ್ಯಿರಿ, ಅಲ್ಲಿ ಯಾವತ್ತೂ ಸಾಲುವುದಿಲ್ಲ.

ಕರೆಯುವ ಜಾಗಕ್ಕೆ ಅರ್ಧ ಗಂಟೆ ಮೊದಲೇ ಹೋಗಿ. ಮೈಕಿನ ಮಾತು ಕಿವಿ ಮಂದ ಇದ್ದವರಿಗೆ ಕೇಳುವುದಿಲ್ಲ, ಹೋಗಿ ಕರೆದು ತರುವುದು ಮ್ಯಾನೇಜರ್ ಕೆಲಸ. ಬಗ್ಗಿ, ಕಾಲು ಒತ್ತಿ ಹೊರಡುವ ಬ್ಲಾಕಿನಿಂದ ಓಡಬೇಕು ಅಂತ ಯಾರಾದರೂ ಹೇಳಿದರೆ ಹೆದರಬೇಡಿ. ಮಾಸ್ಟರ್ಸ್ ನಿಯಮದಲ್ಲಿ ಅದು ಕಡ್ಡಾಯವಲ್ಲ, ನಿಂತೇ ಓಟ ಶುರು ಮಾಡಬಹುದು. ಮುಗಿದ ತಕ್ಷಣ ಕೂರಿಸಬೇಡಿ, ಐದು ನಿಮಿಷ ನಡೆಸಿ.

ಫಲಿತಾಂಶದ ಹಾಳೆಯ ಫೋಟೊ ಅಲ್ಲೇ ತೆಗೆದುಕೊಳ್ಳಿ. ಪ್ರಮಾಣಪತ್ರದಲ್ಲಿ ಹೆಸರು ತಪ್ಪಿದ್ದರೆ ಮೈದಾನ ಬಿಡುವ ಮೊದಲೇ ತಿದ್ದಿಸಿ.

ಹಂತ 9: ಮುಂದಕ್ಕೆ

ರಾಷ್ಟ್ರಮಟ್ಟಕ್ಕೆ ಆಯ್ಕೆಯಾದರೆ ಖರ್ಚು ಹೆಚ್ಚಾಗಿ ನಿಮ್ಮದೇ ಅಂತ ಇಟ್ಟುಕೊಳ್ಳಿ. ವಿದೇಶದ ಆಸೆ ಇದ್ದವರು ಮೊದಲು ಪಾಸ್‌ಪೋರ್ಟ್ ಮಾಡಿಸಿ, ಮತ್ತೆ ಅದೇ ಜೂನ್ 1ರ ಕತೆ ಬರುತ್ತೆ. 2026ರ ಆಗಸ್ಟಿನ ವಿಶ್ವ ಮಾಸ್ಟರ್ಸ್ ಅಥ್ಲೆಟಿಕ್ಸ್ ದಕ್ಷಿಣ ಕೊರಿಯಾದ ಡೇಗು ನಗರಕ್ಕೆ, 2027ರ ಮೇ ತಿಂಗಳ ವಿಶ್ವ ಮಾಸ್ಟರ್ಸ್ ಗೇಮ್ಸ್ ಜಪಾನಿನ ಕನ್ಸಾಯಿ ಪ್ರದೇಶಕ್ಕೆ ನಿಗದಿಯಾಗಿವೆ. ಕನ್ಸಾಯಿಯದು 2021ರಲ್ಲೇ ನಡೆಯಬೇಕಿತ್ತು, ಕೊರೊನಾದಿಂದ ಮುಂದೆ ಹೋಯಿತು. 30 ದಾಟಿದ ಯಾರು ಬೇಕಾದರೂ ಸೇರಬಹುದು, ಗೆದ್ದ ದಾಖಲೆ ಕೇಳುವುದಿಲ್ಲ. ಅಮೆರಿಕದಲ್ಲಿ ನೆಲೆಸಿರುವ ಕನ್ನಡಿಗರಿಗೆ ಅಲ್ಲಿನ ನ್ಯಾಷನಲ್ ಸೀನಿಯರ್ ಗೇಮ್ಸ್ ಇದೆ. 1987ರಲ್ಲಿ ಸೇಂಟ್ ಲೂಯಿಸ್‌ನಲ್ಲಿ ಶುರುವಾದದ್ದು, 50 ದಾಟಿದವರಿಗೆ, ರಾಜ್ಯದ ಕೂಟದಲ್ಲಿ ಅರ್ಹತೆ ಪಡೆದು ಹೋಗುವ ಪದ್ಧತಿ.

ಕೂಟ ಮುಗಿದ ಮರುವಾರ ಅಭ್ಯಾಸಕ್ಕೆ ಬರುವವರು ಅರ್ಧಕ್ಕೆ ಇಳಿಯುತ್ತಾರೆ. ಪದಕ ಬಂದವರಿಗೆ ಸನ್ಮಾನ ಸಾಕು, ಬಾರದವರಿಗೆ ಬೇಜಾರು. ಅದಕ್ಕೆ ಮುಂದಿನ ಕೂಟದ ಹೆಸರುಗಳನ್ನು ವಾಪಸ್ ಬರುವ ವ್ಯಾನಿನಲ್ಲೇ ಬರೆಸಿಬಿಡಿ. ಮೈಕೈ ನೋಯುತ್ತಿದ್ದರೂ ಆವತ್ತು ಯಾರೂ ಇಲ್ಲ ಅನ್ನುವುದಿಲ್ಲ. ನಾವು ಕುಣಿಗಲ್‌ನಲ್ಲಿ ತಟ್ಟೆ ಇಡ್ಲಿಗೆ ನಿಲ್ಲಿಸಿದ್ದೆವು. ಹತ್ತಿ ಕೂತ ಮೇಲೆ ಕಂಡಕ್ಟರಣ್ಣ ಕೊರಳಲ್ಲಿದ್ದ ಕಂಚನ್ನು ಅಂಗಿಯೊಳಗೆ ಹಾಕಿಕೊಂಡು, ನನ್ನ ಕೈಯಿಂದ ಪುಸ್ತಕ ಕಿತ್ತುಕೊಂಡರು. ಬಸ್ಸಿನಲ್ಲಿ ಟಿಕೆಟ್ ಲೆಕ್ಕದ ವೇ ಬಿಲ್ ಬರೆಯುವ ಹಾಗೆ ಗೆರೆ ಎಳೆದರು. ಮುಂದಿನ ಸೀಟಿನಿಂದ ಶುರು ಮಾಡಿ ಒಬ್ಬೊಬ್ಬರದೇ ಹೆಸರು, ವಯಸ್ಸು, ಸ್ಪರ್ಧೆ. ಹಾಲಿನ ಅಕ್ಕ ತಮ್ಮ ನಾದಿನಿಯ ಹೆಸರನ್ನೂ ಸೇರಿಸಿದರು. ಟೀಚರಮ್ಮ ಯಾರಿಗೋ ಫೋನ್ ಮಾಡಿ ಎರಡು ಹೆಸರು ಬರೆಸಿದರು. ಯಡಿಯೂರು ದಾಟುವ ಹೊತ್ತಿಗೆ ಹದಿನೇಳು ಆಯಿತು. "ಈ ಗಾಡಿ ಸಾಲಲ್ಲ ಕಣ್ರೀ" ಅಂದರು.